ಉಚ್ಚಂಗಿಯ ಶನಿವಾರ

ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮನ್ನು ಶಾಲೆಯಿಂದ ಚಿತ್ರದುರ್ಗಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತೆಲಿಗಿ ಬಿಟ್ಟು ಅಷ್ಟು ದೂರ ಹೋದದ್ದು ನನಗೆ ಅದೇ ಮೊದಲು. ಕಲ್ಲಿನ ಕೋಟೆಯ ಬಾಗಿಲಲ್ಲಿ ನಿಂತು ಕಥೆ ಹೇಳುತ್ತಿದ್ದ ಗೈಡ್ ಮಾಯಕೊಂಡದ ಯುದ್ಧಕ್ಕೆ ಬಂದ. 1748ರಲ್ಲಿ ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರು ಎಲ್ಲ ಒಂದಾಗಿ ದುರ್ಗದ ಮೇಲೆ ಬಿದ್ದರೆಂದೂ, ಆನೆಯ ಮೇಲಿದ್ದ ಮದಕರಿನಾಯಕನನ್ನು ಹರಪನಹಳ್ಳಿಯ ಸೋಮಶೇಖರನಾಯಕ ಕೊಂದನೆಂದೂ ಹೇಳಿ, ದುಃಖದಿಂದ ಒಂದು ಕ್ಷಣ ಸುಮ್ಮನಾದ. ನಾವು ಮುಖ ಮುಖ ನೋಡಿಕೊಂಡೆವು. ನಮ್ಮಲ್ಲೊಬ್ಬ ಮೆಲ್ಲಗೆ ಕೇಳಿಯೇಬಿಟ್ಟ: "ಸಾರ್, ಹರಪನಹಳ್ಳಿ ಅಂದ್ರ ನಾವಽ ಅಲ್ಲೇನ್ರೀ?"

ಮುಂದೆ ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಓದುವಾಗಲೂ ಆ ಇರಿಸುಮುರಿಸು ಬಿಡಲಿಲ್ಲ. 'ದುರ್ಗಾಸ್ತಮಾನ' ಓದಿ ರಾತ್ರಿಯಿಡೀ ಅತ್ತವರಲ್ಲಿ ನಾನೂ ಒಬ್ಬ. ಆದರೆ ದುರ್ಗಕ್ಕಾಗಿ ಅಳುವ ಹರಪನಹಳ್ಳಿ ಸೀಮೆಯವನು ಯಾವ ಪಾಳೆಯದಲ್ಲಿ ನಿಂತು ಅಳಬೇಕು? ದುರ್ಗಕ್ಕೆ ಒಬ್ಬ ಕಾದಂಬರಿಕಾರ ಸಿಕ್ಕ. ನಮ್ಮ ಪಾಳೆಯಗಾರರಿಗೆ ಅಂಥವನು ಸಿಗಲಿಲ್ಲ. ಹಾಗಾಗಿ ಕನ್ನಡ ಓದುಗರ ಮನಸ್ಸಿನಲ್ಲಿ ನಾವು ಎದುರಾಳಿಗಳಾಗಿಯೇ ಉಳಿದೆವು. ಇದರಲ್ಲಿ ತ.ರಾ.ಸು. ಅವರದೇನೂ ತಪ್ಪಿಲ್ಲ, ಅವರು ತಮ್ಮೂರಿನ ಕಥೆ ಬರೆದರು. ಇದನ್ನೆಲ್ಲ ಹೇಳಲು ಕಾರಣ ಬೇರೆ. ನಮ್ಮದೇ ತಾಲ್ಲೂಕಿನಲ್ಲಿ, ದುರ್ಗಕ್ಕಿಂತ ಎಷ್ಟೋ ಶತಮಾನ ಮೊದಲೇ ಹೆಸರಾಗಿದ್ದ ಒಂದು ಕೋಟೆ ಇದೆ. ಅದರ ಕಥೆಯನ್ನೂ ಬಹುಮಟ್ಟಿಗೆ ಅದನ್ನು ಗೆದ್ದವರೇ ಹೇಳಿದ್ದಾರೆ. ಆ ಕೋಟೆ ಉಚ್ಚಂಗಿದುರ್ಗ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಬಂದವರಿಗೆ ನೆಲದ ಸ್ವರೂಪ ಗೊತ್ತಿರುತ್ತದೆ. ಜೋಳ, ಮೆಕ್ಕೆಜೋಳದ ಬಯಲು, ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಬೋಳು ಬಂಡೆಯ ಗುಡ್ಡ, ಮತ್ತೆ ಬಯಲು. ಮಲೆನಾಡಿನ ಹಾಗೆ ಕಾಡು ಮುಚ್ಚಿದ ಬೆಟ್ಟಸಾಲು ಇಲ್ಲಿಲ್ಲ. ಇಲ್ಲಿ ಗುಡ್ಡ ಹತ್ತಿದವನಿಗೆ ಹರದಾರಿ ದೂರದಿಂದ ಬರುವ ಧೂಳೂ ಕಾಣುತ್ತದೆ. ಕೋಟೆಯ ಅರ್ಧ ಕೆಲಸವನ್ನು ಬಂಡೆಯೇ ಮಾಡಿಟ್ಟಿರುತ್ತದೆ, ಬಂಡೆ ಮತ್ತು ಬಂಡೆಯ ನಡುವಿನ ಸಂದಿಗೆ ಗೋಡೆ ಹಾಕಿದರೆ ಮುಗಿಯಿತು. ಅದಕ್ಕೇ ಚಿತ್ರದುರ್ಗ, ರಾಯದುರ್ಗ, ಜರಿಮಲೆ, ಗುಡೇಕೋಟೆ, ಉಚ್ಚಂಗಿ ಎಂದು ಇಷ್ಟು ಒತ್ತೊತ್ತಾಗಿ ದುರ್ಗಗಳು. ಕೌಟಿಲ್ಯನ ಅರ್ಥಶಾಸ್ತ್ರ ನೀರಿನ, ಗುಡ್ಡದ, ಮರುಭೂಮಿಯ, ಕಾಡಿನ ದುರ್ಗಗಳೆಂದು ನಾಲ್ಕು ಬಗೆ ಹೇಳುತ್ತದೆ. ನಮ್ಮವು ಗುಡ್ಡದವು. ಬೇಸಗೆಯಲ್ಲಿ ಬಂದು ನೋಡಿದರೆ ಮರುಭೂಮಿಯವೂ ಹೌದೆನ್ನಿಸೀತು.

ಈ ಗುಡ್ಡ ಕೂತಲ್ಲೇ ಕೂತು ಊರೂರು ತಿರುಗಿದೆ. 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅದಕ್ಕೂ ಹಿಂದೆ, 1953ರ ಅಕ್ಟೋಬರ್ 1ರವರೆಗೆ, ಮದ್ರಾಸ್ ರಾಜ್ಯ. ಅಂದು ಬಳ್ಳಾರಿ ಜಿಲ್ಲೆ ಹರಿದು ಹಂಚಿದಾಗ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಮೈಸೂರಿಗೆ ಬಂದವು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಅಧಿಕಾರ ಬದಲಾಗುವುದು ಈ ಕೋಟೆಗೆ ಹೊಸದೇನಲ್ಲ.

ನಾನು ಉಚ್ಚಂಗಿ ಹತ್ತಿದ್ದು ಒಂದು ಶನಿವಾರ. ಬೇಕೆಂದೇ ಶನಿವಾರ ಆರಿಸಿದ್ದೆ, ಕಾರಣ ಮುಂದೆ ಹೇಳುತ್ತೇನೆ. ಬಿಸಿಲೇರುವ ಮುಂಚೆ ಮೆಟ್ಟಿಲು ಹಿಡಿದರೆ ಒಳ್ಳೆಯದು, ಬಂಡೆ ಕಾದ ಮೇಲೆ ಕಾಲಿಗೂ ಕಣ್ಣಿಗೂ ಕಷ್ಟ. ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಅಜ್ಜ ಒಬ್ಬರು ಜೊತೆಯಾದರು.

"ಯಾವೂರಪಾ ತಮ್ಮ?"

"ತೆಲಿಗಿ, ಅಜ್ಜ."

"ತೆಲಿಗಿ ಅಂದ್ರ ನಮ್ಮ ತಾಲೂಕಽ. ಇಷ್ಟು ವರ್ಷ ಎಲ್ಲಿದ್ದಿ?"

ಉತ್ತರ ಹೊಳೆಯಲಿಲ್ಲ. ದುರ್ಗಕ್ಕೆ ನಾಲ್ಕು ಸಲ ಹೋಗಿದ್ದೆ, ಹಂಪಿಗೆ ಲೆಕ್ಕವಿಲ್ಲ. ಇಲ್ಲಿಗೆ ಇದೇ ಮೊದಲು.

ಉಚ್ಚಂಗಿಯ ಹೆಸರು ಕದಂಬರ ತಾಮ್ರಪಟಗಳಲ್ಲೇ 'ಉಚ್ಛಶೃಂಗಿ' ಎಂದು ಬರುತ್ತದೆ. ಎತ್ತರದ ಕೋಡುಳ್ಳದ್ದು ಎಂದರ್ಥ. ಕೆಳಗಿನಿಂದ ಕತ್ತೆತ್ತಿ ನೋಡಿದರೆ ಹೆಸರಿಗೆ ಬೇರೆ ವಿವರಣೆ ಬೇಡ. ಕದಂಬರ ನಂತರ ನೊಳಂಬರು. ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ನಾಡಿಗೆ ಇದು ಮುಖ್ಯ ಠಾಣ್ಯ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಗುಡ್ಡ ಆಪ್ತವಾಗಬೇಕಾದ ಘಟನೆಯೂ ಈ ಕಾಲದ್ದೇ. ಹತ್ತನೆಯ ಶತಮಾನದಲ್ಲಿ ಗಂಗರ ಇಮ್ಮಡಿ ಮಾರಸಿಂಹ ನೊಳಂಬರ ಮೇಲೆ ಬಿದ್ದು ಉಚ್ಚಂಗಿಯನ್ನು ಹಿಡಿದ. ಅವನ ಸೇನಾಪತಿ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದವನು, 978ರಲ್ಲಿ 'ಚಾವುಂಡರಾಯ ಪುರಾಣ' ಬರೆದವನು. ಪಂಪ, ಪೊನ್ನ, ರನ್ನರು ಚಂಪುವಿನಲ್ಲಿ ಬರೆಯುತ್ತಿದ್ದಾಗ ಗದ್ಯವನ್ನು ಕೈಗೆತ್ತಿಕೊಂಡ ಮನುಷ್ಯ. ಅವನಿಗೆ ಬಿರುದುಗಳು ಹಲವು, ಪ್ರತಿಯೊಂದಕ್ಕೂ ಒಂದೊಂದು ಯುದ್ಧ. ಗೋನೂರಿನ ಬಯಲಲ್ಲಿ ನೊಳಂಬರೊಡನೆ ಕಾದಿದ್ದಕ್ಕೆ 'ವೀರಮಾರ್ತಂಡ'. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೆಂಬವನೊಡನೆ ಕಾದಿದ್ದಕ್ಕೆ 'ರಣರಂಗಸಿಂಗ'.

ಬಿ.ಎ. ತರಗತಿಯಲ್ಲಿ ಈ ಬಿರುದುಗಳನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೆ. 'ರಣರಂಗಸಿಂಗ' ಎಂದರೆ ನಮ್ಮ ತಾಲ್ಲೂಕಿನ ಒಂದು ಗುಡ್ಡದ ಮೇಲೆ ಹರಿದ ರಕ್ತ ಎಂದು ಆಗ ತಲೆಗೆ ಹೋಗಿರಲಿಲ್ಲ. ಅರವತ್ಮೂರು ಶಲಾಕಾಪುರುಷರ ಕಥೆಯನ್ನು, ತೀರ್ಥಂಕರರ ವೈರಾಗ್ಯವನ್ನು ತಿಳಿಗನ್ನಡದಲ್ಲಿ ಬರೆದ ಕೈಯೂ, ಈ ಬಂಡೆಯ ಮೇಲೆ ಕತ್ತಿ ಹಿಡಿದ ಕೈಯೂ ಒಂದೇ. ಗೊಮ್ಮಟನ ಎದುರು ನಿಂತಾಗ ನೆನಪಾಗದ ಚಾವುಂಡರಾಯ ಇಲ್ಲಿ ನೆನಪಾಗುತ್ತಾನೆ.

ಮಾರಸಿಂಹನ ಬಿರುದು ಇನ್ನೂ ದೊಡ್ಡದು: 'ನೊಳಂಬಕುಲಾಂತಕ'. ನೊಳಂಬರ ಕುಲಕ್ಕೇ ಯಮ. ಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲಿನ ಅವನ ಶಾಸನದಲ್ಲಿ ಈ ಗೆಲುವುಗಳ ಪಟ್ಟಿಯೇ ಇದೆ. ಅಂತಕ ಎಂದ ಮೇಲೆ ನೊಳಂಬರು ಅಲ್ಲಿಗೆ ಮುಗಿದರು ಅಂದುಕೊಳ್ಳಬೇಕು. ಆದರೆ ಹನ್ನೊಂದನೆಯ ಶತಮಾನದಲ್ಲೂ ಕಲ್ಯಾಣದ ಚಾಲುಕ್ಯರ ಕೈಕೆಳಗೆ ನೊಳಂಬ ಅರಸರು ಈ ಸೀಮೆಯಲ್ಲಿ ಆಳುತ್ತಲೇ ಇದ್ದಾರೆ. ಕುಲಕ್ಕೆ ಅಂತಕನಾದ ಮಾರಸಿಂಹನೇ 974ರ ಸುಮಾರಿಗೆ ಬಂಕಾಪುರದಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟ. ಗಂಗರ ಕಥೆ ಮುಗಿಯಲು ಆಮೇಲೆ ಬಹಳ ಕಾಲ ಹಿಡಿಯಲಿಲ್ಲ. ಬಿರುದು ಗೆದ್ದ ದಿನದ ಮಾತು, ಮರುವರ್ಷದ್ದಲ್ಲ.

ಹರಪನಹಳ್ಳಿಯ ಹತ್ತಿರದ ಬಾಗಳಿಗೆ ಹೋದವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಲ್ಲಿನ ಕಲ್ಲೇಶ್ವರ ಗುಡಿಯಲ್ಲಿ ಹತ್ತರಿಂದ ಹನ್ನೆರಡನೆಯ ಶತಮಾನದವರೆಗಿನ 36 ಶಾಸನಗಳಿವೆ. ಅವುಗಳಲ್ಲೊಂದು, 987ರದ್ದು, ದುಗ್ಗಿಮಯ್ಯನೆಂಬವನು ಗುಡಿ ಕಟ್ಟಿಸಿದ್ದನ್ನು ಹೇಳುತ್ತದೆ. ಅಂದರೆ ಉಚ್ಚಂಗಿಯ ಮೇಲೆ ಗಂಗರ ದಂಡು ಬಿದ್ದು ಹದಿನೈದು ವರ್ಷವೂ ಕಳೆದಿರಲಿಕ್ಕಿಲ್ಲ, ಪಕ್ಕದೂರಿನಲ್ಲಿ ಉಳಿಯ ಸದ್ದು. ಹೊಳೆಯುವ ಕಂಬಗಳ ಆ ಮಂಟಪದಲ್ಲಿ ಅರ್ಧ ದಿನ ಕುಳಿತು ಆಮೇಲೆ ಉಚ್ಚಂಗಿಗೆ ಬನ್ನಿ ಎಂದು ವಿದ್ಯಾರ್ಥಿಗಳಿಗೆ ನನ್ನ ಶಿಫಾರಸು. ಗುಡಿಯಲ್ಲಿ ನೆಲ, ಕೆರೆ, ದೀಪಕ್ಕೆ ಎಣ್ಣೆ ಎಂಬ ಮಾತುಗಳು. ಕೋಟೆಯ ವಿಷಯಕ್ಕೆ ಬಂದರೆ ಬರೀ ಬಿರುದುಗಳು.

ನೊಳಂಬರ ನಂತರ ಉಚ್ಚಂಗಿ ಪಾಂಡ್ಯರ ಕೈಗೆ ಬಂತು. ಮಧುರೆಯ ಪಾಂಡ್ಯರಲ್ಲ, ಇವರು ಚಾಲುಕ್ಯರ ಸಾಮಂತರಾಗಿ ನೊಳಂಬವಾಡಿಯನ್ನು ಆಳಿದ ಬೇರೆ ಮನೆತನ. ತಮ್ಮನ್ನು ಯಾದವರೆಂದು, ಕಾಂಚೀಪುರದ ಒಡೆಯರೆಂದು ಹೊಗಳಿಕೊಳ್ಳುತ್ತಿದ್ದರು. ಕಂಚಿ ಎಲ್ಲಿ, ಉಚ್ಚಂಗಿ ಎಲ್ಲಿ! ಅವರ ಬಿರುದುಗಳಲ್ಲಿ ನನಗೆ ಇಷ್ಟವಾದದ್ದು 'ರಾಜಿಗಚೋಳ ಮನೋಭಂಗ'. ರಾಜಿಗ ಎಂದರೆ ಒಂದನೆಯ ಕುಲೋತ್ತುಂಗ ಚೋಳ, ಅವನ ಮನಸ್ಸನ್ನು ಮುರಿದವನು ಎಂದರ್ಥ. ತಲೆ ಮುರಿದವನಲ್ಲ, ದಂಡು ಮುರಿದವನಲ್ಲ, ಮನಸ್ಸು ಮುರಿದವನು. ಎದುರಾಳಿ ಬೇಸತ್ತು ಹಿಂದಿರುಗುವಂತೆ ಮಾಡುವುದೇ ಕೋಟೆಯ ಕೆಲಸ ಎಂದು ಚೆನ್ನಾಗಿ ಬಲ್ಲವರ ಬಿರುದು ಇದು.

ಈಗ ಶನಿವಾರಕ್ಕೆ ಬರೋಣ. ಹೊಯ್ಸಳ ವಿಷ್ಣುವರ್ಧನ ಉಚ್ಚಂಗಿಯನ್ನು ಗೆದ್ದೆನೆಂದು ತಲಕಾಡು, ನಂಗಲಿ, ಬನವಾಸಿ, ಹಾನುಗಲ್ಲುಗಳ ಜೊತೆ ಪಟ್ಟಿಯಲ್ಲಿ ಸೇರಿಸಿಕೊಂಡ. ಅವನ ಮೊಮ್ಮಗ ಇಮ್ಮಡಿ ಬಲ್ಲಾಳ 1177ರಲ್ಲಿ ಅದನ್ನು ಮತ್ತೊಮ್ಮೆ ಗೆಲ್ಲಬೇಕಾಯಿತು. ಅಜ್ಜ ಗೆದ್ದದ್ದು ಮೊಮ್ಮಗನ ಕೈಗೆ ಬಂದಿರಲೇ ಇಲ್ಲ ಎಂದಾಯಿತು. ಬಲ್ಲಾಳನಿಗೆ ಇದರಿಂದ ಎರಡು ಬಿರುದು: 'ಗಿರಿದುರ್ಗಮಲ್ಲ' ಮತ್ತು 'ಶನಿವಾರಸಿದ್ಧಿ'. ಕೋಟೆ ಕೈವಶವಾದದ್ದು ಶನಿವಾರವಾದ್ದರಿಂದ ಎರಡನೆಯದು ಬಂತೆಂದು ಬಿ.ಎಲ್. ರೈಸ್ ಕಾಲದಿಂದ ಇತಿಹಾಸಕಾರರು ಹೇಳುತ್ತಾ ಬಂದಿದ್ದಾರೆ. ವಾರದ ಹೆಸರೇ ಬಿರುದಾದ ಉದಾಹರಣೆ ನನಗೆ ಬೇರೆ ನೆನಪಾಗುತ್ತಿಲ್ಲ. ನಮ್ಮ ಕಡೆ ಶನಿವಾರ ಒಳ್ಳೆಯ ಕೆಲಸಕ್ಕೆ ಕೈ ಹಾಕಬೇಡ ಅನ್ನುತ್ತಾರೆ, ಬಲ್ಲಾಳನಿಗೆ ಅದೇ ದಿನ ಫಲಿಸಿತು. ಈ ಬಿರುದುಗಳು ಅವನ ಜೊತೆಗೇ ಹೋಗಲಿಲ್ಲ. ಅವನ ಮಗ, ಮೊಮ್ಮಗ, ಕೊನೆಗೆ ಮುಮ್ಮಡಿ ಬಲ್ಲಾಳನವರೆಗೂ ಹೊಯ್ಸಳ ಶಾಸನಗಳಲ್ಲಿ ಇವು ಮನೆತನದ ಆಸ್ತಿಯಂತೆ ಬರುತ್ತಿರುತ್ತವೆ. ಉಚ್ಚಂಗಿಯನ್ನು ಕಣ್ಣಿಂದ ಕಾಣದವನೂ ಶನಿವಾರಸಿದ್ಧಿಯೇ.

ಬಲ್ಲಾಳನ ಗೆಲುವನ್ನು ಹೊಗಳುವ ಶಾಸನದಲ್ಲಿ ಒಂದು ಮಾತಿದೆ. ಇದೇ ಕೋಟೆಯನ್ನು ಹಿಂದೆ ಚೋಳ ಹನ್ನೆರಡು ವರ್ಷ ಮುತ್ತಿ, ಆಗದೆಂದು ಕೈಚೆಲ್ಲಿ ಹೋಗಿದ್ದನಂತೆ. ಅಂಥದ್ದನ್ನು ಬಲ್ಲಾಳ ಲೀಲಾಜಾಲವಾಗಿ ಹಿಡಿದ. ಗೆದ್ದವನನ್ನು ಎತ್ತರಿಸಲು ಕವಿ ಮೊದಲು ಕೋಟೆಯನ್ನು ಎತ್ತರಿಸುತ್ತಾನೆ, ಇದು ಎಲ್ಲ ಪ್ರಶಸ್ತಿಗಳ ಜಾಣತನ. ಹನ್ನೆರಡು ವರ್ಷ ಎಂಬುದನ್ನು ಅಕ್ಷರಶಃ ನಂಬಲು ನನಗೆ ಕಷ್ಟ. ಇದೇ ಕಾಲದ ಯುರೋಪಿನ ಒಂದು ಉದಾಹರಣೆ ನೋಡಿ. ಇಂಗ್ಲೆಂಡಿನ ದೊರೆ ರಿಚರ್ಡ್ ನಾರ್ಮಂಡಿಯ ಸೇನ್ ನದಿಯ ಮೇಲೆ, ಗುಡ್ಡದ ನೆತ್ತಿಯಲ್ಲಿ ಶಾತೋ ಗಯ್ಯಾರ್ ಎಂಬ ಕೋಟೆ ಕಟ್ಟಿಸಿದ. ಅದನ್ನು ಮೀರಿಸುವ ಕೋಟೆ ಇಲ್ಲ ಎಂದು ಹೆಸರಾಗಿತ್ತು. ಫ್ರಾನ್ಸಿನ ಎರಡನೆಯ ಫಿಲಿಪ್ 1203ರಲ್ಲಿ ಮುತ್ತಿಗೆ ಹಾಕಿದ, 1204ರ ಮಾರ್ಚಿನಲ್ಲಿ ಅದು ಬಿತ್ತು. ಸುಮಾರು ಅರ್ಧ ವರ್ಷದ ಮುತ್ತಿಗೆ ಅಷ್ಟೇ. ಹನ್ನೆರಡು ವರ್ಷ ಒಂದೇ ಕಡೆ ದಂಡು ಇಳಿಸಲು ಚೋಳನಿಗೆ ಹಗೇವು ಹಗೇವು ಜೋಳ ಬೇಕಾಗುತ್ತಿತ್ತು.

ಆದರೂ ಆ ಮಾತನ್ನು ಪೂರ್ತಿ ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ಅತ್ತ ಪಾಂಡ್ಯರು ಚೋಳನ ಮನಸ್ಸು ಮುರಿದೆವು ಅನ್ನುತ್ತಾರೆ, ಇತ್ತ ಅವರನ್ನೇ ಸೋಲಿಸಿದ ಹೊಯ್ಸಳನ ಕವಿ ಚೋಳ ಬೇಸತ್ತು ಹೋದ ಅನ್ನುತ್ತಾನೆ. ಎರಡು ಬಾಯಿ, ಒಂದೇ ಸುದ್ದಿ. ಹಲವು ವರ್ಷ ಬೇಸಗೆಗೊಮ್ಮೆ ದಂಡು ಬಂದು ಮಳೆಗೆ ಹಿಂದಿರುಗಿದ ನೆನಪು ಜನರ ಬಾಯಲ್ಲಿ 'ಹನ್ನೆರಡು ವರ್ಷ' ಆಗಿರಬಹುದೆಂದು ನನ್ನ ಊಹೆ. ನಮ್ಮಲ್ಲಿ ಬರಗಾಲವೂ ಹನ್ನೆರಡು ವರ್ಷವೇ, ವನವಾಸವೂ ಹನ್ನೆರಡು ವರ್ಷವೇ. ಊಹೆ ತಪ್ಪಿದರೂ, ಸೋತ ಪಾಂಡ್ಯರ ದನಿ ಗೆದ್ದವನ ಹೊಗಳಿಕೆಯೊಳಗೆ ನುಸುಳಿ ಬಂದಿದೆ ಎಂಬುದಂತೂ ನನಗೆ ಖುಷಿ ಕೊಟ್ಟ ಸಂಗತಿ.

ಮುಂದಿನದು ಇನ್ನೂ ಸ್ವಾರಸ್ಯ. ಕೋಟೆ ಬಿದ್ದ ಮೇಲೆ ಪಾಂಡ್ಯ ಕಾಮದೇವ ಬಲ್ಲಾಳನ ಮರೆಹೊಕ್ಕ, ಬಲ್ಲಾಳ ರಾಜ್ಯವನ್ನು ಅವನಿಗೇ ತಿರುಗಿ ಕೊಟ್ಟ. ಅಂದರೆ ನೂರೈವತ್ತು ವರ್ಷ ಬಿರುದಾಗಿ ಬಾಳಿದ ಆ ಗೆಲುವಿನಲ್ಲಿ ಕೋಟೆ ಕೊನೆಗೂ ಉಳಿದದ್ದು ಇದ್ದವರ ಹತ್ತಿರವೇ.

ಮೇಲೆ ಹೋದಂತೆ ಅರ್ಥವಾಗುವುದು ನೀರು. ಈ ಸೀಮೆಯಲ್ಲಿ ಮಳೆ ಕಡಿಮೆ, ಆದರೆ ಬಂಡೆಯ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗುವುದಿಲ್ಲ, ಅಷ್ಟೂ ಹರಿದು ತಗ್ಗಿಗೆ ಬರುತ್ತದೆ. ತಗ್ಗಿಗೆ ಒಡ್ಡು ಹಾಕಿದರೆ ಹೊಂಡ. ಚಿತ್ರದುರ್ಗದಲ್ಲೂ ಇದೇ ಉಪಾಯ, ಅಲ್ಲಿ ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಇಳಿಯುವ ವ್ಯವಸ್ಥೆಯನ್ನು ಗೈಡುಗಳು ಹೆಮ್ಮೆಯಿಂದ ತೋರಿಸುತ್ತಾರೆ. ಮುತ್ತಿಗೆಯಲ್ಲಿ ಕೆಳಗಿನ ದಂಡಿಗೆ ಬಾಯಾರಿಕೆ, ಮೇಲಿನವರಿಗೆ ನೀರು. ಯುರೋಪಿನ ಕ್ಯಾಸಲ್ ಬಹುಪಾಲು ಒಬ್ಬ ಪ್ರಭುವಿನ ಮನೆ. ನಮ್ಮ ದುರ್ಗ ಹಾಗಲ್ಲ, ದನಕರು, ಒಕ್ಕಲು, ಗುಡಿ, ಕಣಜ ಎಲ್ಲ ಮೇಲೇರಿ ಕೂರುವ ಊರು. ಗೋಡೆ ನೋಡಿ ಬೆರಗಾಗುವವರು ಹೊಂಡದ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ದಯವಿಟ್ಟು ಪ್ಲಾಸ್ಟಿಕ್ ಬಾಟಲಿಯನ್ನು ಅಲ್ಲಿ ಎಸೆಯದೆ ಎದ್ದು ಬರಬೇಕು.

ಗುಡ್ಡದ ಮೇಲಿನ ದೇವಿ ಉಚ್ಚೆಂಗೆಮ್ಮ, ಎಲ್ಲಮ್ಮ ಎಂದೂ ಕರೆಯುತ್ತಾರೆ. ಭರತ ಹುಣ್ಣಿಮೆಗೆ ಸುತ್ತಲ ಜಿಲ್ಲೆಗಳಿಂದ ಜನ ಹರಿದು ಬರುತ್ತಾರೆ. ಬೇವಿನುಡಿಗೆ, ಭಂಡಾರ, ಹಡ್ಡಲಿಗೆ. ಕೆಳಗೆ ಹಾಲಮ್ಮನ ತೋಪಿದೆ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯ ಜೊತೆ ಈ ತೋಪಿನ ಹೆಸರು ಸೇರಿಕೊಂಡಿದೆ. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂತು. ಅದಾದ ಮೇಲೂ ಪ್ರತಿ ಭರತ ಹುಣ್ಣಿಮೆಗೆ ಪೊಲೀಸರು, ಅಧಿಕಾರಿಗಳು, ಸಂಘಟನೆಯ ಹೆಣ್ಣುಮಕ್ಕಳು ಇಲ್ಲಿ ಕಾವಲು ನಿಲ್ಲುವ ಪರಿಸ್ಥಿತಿ ಇದೆ. ಪ್ರವಾಸದ ಬರಹದಲ್ಲಿ ಇದೇಕೆ ಎಂದು ಕೇಳಬಹುದು. ಕೋಟೆಯ ಇತಿಹಾಸವೆಂದರೆ ಅದರೊಳಗೆ ಯಾರು ಹೊಕ್ಕರು ಎಂಬುದಷ್ಟೇ ಆದರೆ ಇದು ಬೇಡ. ಗುಡ್ಡ ಹತ್ತಿ, ಎಂದಿನ ಬದುಕಿಗೆ ಇಳಿದು ಹೋಗಲಾಗದ ಎಷ್ಟೋ ಹುಡುಗಿಯರೂ ಈ ಗುಡ್ಡದ ಇತಿಹಾಸವೇ. ಒಂದು ಶನಿವಾರಕ್ಕೆ ಅಷ್ಟೊಂದು ಶಾಸನಗಳಿವೆ, ಇಷ್ಟು ಹುಣ್ಣಿಮೆಗಳಿಗೆ ಒಂದೂ ಇಲ್ಲ. ಮುತ್ತು ಕಟ್ಟಿಸಿಕೊಂಡ ಅಜ್ಜಿಯರು ಈಗಲೂ ನಮ್ಮ ಊರುಗಳಲ್ಲಿದ್ದಾರೆ. ಅವರ ಮಾತನ್ನು ಅವರಿರುವಾಗಲೇ ಬರೆದುಕೊಳ್ಳುವ ವಿದ್ಯಾರ್ಥಿಗಳು ಬೇಕು.

ಗುಡೇಕೋಟೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಕೂಡ್ಲಿಗಿಯ ಗೆಳೆಯರು ಮುನಿಸಿಕೊಂಡಾರು. ಅಲ್ಲಿನ ಪಾಳೆಯಗಾರರ ಕೋಟೆ ಚಿಕ್ಕದು, ಬಂಡೆಯ ರಾಶಿಯೊಳಗೆ ಅವಿತು ಕೂತಂತಿದೆ. ಒನಕೆ ಓಬವ್ವನ ತವರು ಗುಡೇಕೋಟೆಯೇ ಎಂದು ಅಲ್ಲಿಯವರ ನಂಬಿಕೆ. ಅವಳನ್ನು ನಾಡು ನೆನೆಯುವುದು ಚಿತ್ರದುರ್ಗದ ಕಿಂಡಿಯಲ್ಲಿ. ಸುತ್ತಲಿನ ಕುರುಚಲು ಕಾಡು ಈಗ ಕರಡಿಧಾಮ, ಹಾಗಾಗಿ ಸಂಜೆ ಒಂಟಿಯಾಗಿ ಬಂಡೆ ಸಂದಿಗಳಲ್ಲಿ ಸಾಹಸ ಬೇಡ. ಕರಡಿಗಿಂತ ಕೋಟೆಗಳಿಗೆ ಹೆಚ್ಚು ಕೇಡು ಮಾಡುತ್ತಿರುವವರು ನಿಧಿಗಳ್ಳರು. ಅಮಾವಾಸ್ಯೆಯ ಮರುದಿನ ಹೋಗಿ ನೋಡಿದರೆ ಗುಡಿಯ ಪೀಠದ ಕೆಳಗೋ ಬುರುಜಿನ ಬುಡದಲ್ಲೋ ಹೊಸ ಗುಂಡಿ, ನಿಂಬೆಹಣ್ಣು, ಕುಂಕುಮ. ಶಾಸನದ ಅಕ್ಷರವನ್ನು ನಿಧಿಯ ನಕ್ಷೆ ಎಂದು ನಂಬಿ ಕಲ್ಲು ಒಡೆದವರೂ ಇದ್ದಾರೆ. ದಂಡುಗಳು ಉಳಿಸಿದ್ದನ್ನು ಹಾರೆ ಕೆಡವುತ್ತಿದೆ.

ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಜ್ಜ ಬಂಡೆಯ ನೆರಳಲ್ಲಿ ಕೂತಿದ್ದರು. ನಾನು ತಂದಿದ್ದ ಮಂಡಕ್ಕಿ ಹಂಚಿಕೊಂಡೆವು. ಓದಿಕೊಂಡದ್ದನ್ನೆಲ್ಲ ಹೇಳುವ ಚಟ ನನಗೆ. ಬಲ್ಲಾಳನ ಕಥೆ ಹೇಳಿದೆ. ಚೋಳ ಹನ್ನೆರಡು ವರ್ಷ ಕೂತದ್ದು, ಬಲ್ಲಾಳ ಬಂದದ್ದು, ಇವತ್ತಿನಂಥದ್ದೇ ಒಂದು ಶನಿವಾರ ಕೋಟೆ ಬಿದ್ದದ್ದು.

"ಯಾವೂರವ ಅವ?"

"ದೋರಸಮುದ್ರ. ಈಗಿನ ಹಳೇಬೀಡು."

"ಅಲ್ಲಿಂದ ಇಲ್ಲಿತನಕ ಬಂದನಾ! ಆಮ್ಯಾಲೆ ಎಷ್ಟು ದಿನ ಇದ್ದ?"

"ಇರ್ಲಿಲ್ಲ ಅಜ್ಜ. ಇಲ್ಲಿ ಆಳ್ತಿದ್ದವರಿಗೇ ತಿರುಗಿ ಕೊಟ್ಟು ಹೋದ."

ಅಜ್ಜ ಮಂಡಕ್ಕಿಯ ಕೊನೆಯ ಹಿಡಿ ಬಾಯಿಗೆ ಹಾಕಿಕೊಂಡು, ಕೈ ಝಾಡಿಸಿ ಎದ್ದರು.

"ಹಂಗಾರ ನೀರು ಕುಡುದು ಹೋದ ಅನ್ನು," ಎಂದು ಆಡುಗಳನ್ನು ಹೊಂಡದ ಕಡೆ ತಿರುಗಿಸಿದರು.